ಸೋಪು ಮೆತ್ತಿದ ಪೆಟ್ರೋಲ್ ಪೈಪು

ಇವತ್ತು ಹೇಳೋದೆಲ್ಲ ನಿಜ. ಒಂದಕ್ಷರ ಸುಳ್ಳಿದ್ರೂ ನನ್ನ ದೋಣಿ ದಡದಲ್ಲೇ ಮುಳುಗಿಹೋಗ್ಲಿ. ನಗಬೇಡಿ. ಹಿಂದೊಮ್ಮೆ ಇದೇ ದೋಣಿಯವರ ಸಂಘದಲ್ಲಿ, ಒಂದು ಮೀನು ಹಗ್ಗ ಕಚ್ಚಿ ನನ್ನನ್ನ ಆಚೆ ದಡದವರೆಗೂ ಎಳ್ಕೊಂಡು ಹೋಯ್ತು ಅಂದಿದ್ದೆ. ಅದು ಸುಳ್ಳು, ಒಪ್ಕೋತೀನಿ. ಅರ್ಧ ದಾರೀಲೇ ಬಿಟ್ಟು ಹೋಯ್ತು.

ಬೆಳಿಗ್ಗೆ ನನ್ನ ಷಡ್ಡಕ ಮನೆಗೆ ಬಂದ. ಅಗೋ, ಮುಂದಿನ ಬೆಂಚಲ್ಲಿ ಕೀಲಿ ಬೆರಳಿಗೆ ಸಿಕ್ಕಿಸಿ ತಿರುಗಿಸ್ತಾ ಕೂತಿದ್ದಾನಲ್ಲ, ಅವನೇ. ಮೊನ್ನೆ ಒಂದು ಸ್ಕೀ ದೋಣಿ ತಗೊಂಡಿದ್ದಾನೆ, ಜನರನ್ನ ಹಗ್ಗ ಹಿಡಿಸಿ ನೀರಿನ ಮೇಲೆ ಜಾರಿಸೋದು. ಮೂವತ್ತು ವರ್ಷದ ಮುದಿ ದೋಣಿ.

"ಬಟ್ಟೆ ಸೋಪು ಒಂದು ತುಂಡು ಇದ್ಯಾ?" ಅಂದ.

"ಯಾಕಯ್ಯಾ, ಸ್ನಾನ ಮಾಡೋ ಮನಸ್ಸಾಯ್ತಾ?"

"ದೋಣೀಲಿ ಚೂರು ಪೆಟ್ರೋಲ್ ವಾಸನೆ. ಪೈಪಿಗೆ ಮೆತ್ತಿಬಿಡ್ತೀನಿ. ಮಧ್ಯಾಹ್ನ ಮಗಳನ್ನ ಮೊದಲ್ನೇ ಸಲ ಸ್ಕೀ ಮೇಲೆ ನಿಲ್ಲಿಸ್ಬೇಕು. ನಿನ್ನ ನಾದಿನಿನೂ ಬರ್ತಾಳೆ."

ಸೋಪು ಕೊಡ್ಲಿಲ್ಲ. ಸಭೆಗೆ ಎಳ್ಕೊಂಡು ಬಂದೆ. ಯಾಕೆ ಅಂತ ಹೇಳ್ತೀನಿ.

ನಮ್ಮ ಅಕ್ಕನ ಗಂಡ, ಭಾವನ ಸ್ಕೀ ದೋಣಿನೂ ಇಷ್ಟೇ ಹಳೇದು. ಪೆಟ್ರೋಲ್ ವಾಸನೆ ಎಷ್ಟಿತ್ತು ಅಂದ್ರೆ, ಹಿಂದೆ ಬರೋ ಬಾತುಕೋಳಿಗಳೆಲ್ಲ ತೂರಾಡ್ತಿದ್ವು. ಸರಿ, ಒಂದು ಬಾತುಕೋಳಿ. ಭಾವ ಸೀಟಿನ ಕೆಳಗೆ ಸೆಂಟು ಹೊಡೀತಿದ್ದ. ಬಂದವರು "ಆಹಾ, ಮಲ್ಲಿಗೆ" ಅಂತಿದ್ರು. ಎಂಜಿನ್ ಗೂಡಿನ ಗಾಳಿನ ಹೊರಗೆ ತಳ್ಳೋ ಫ್ಯಾನು, ಬ್ಲೋವರ್ ಅಂತಾರಲ್ಲ, ಅದು ಗೊರಗೊರ ಅನ್ನುತ್ತೆ ಅಂತ ಅದರ ಸ್ವಿಚ್ಚಿಗೆ ಟೇಪು ಅಂಟಿಸಿದ್ದ.

ಕೊನೆಗೆ ಅಕ್ಕನೇ ಚಿಂದಿ ಮೇಷ್ಟ್ರನ್ನ ಕರೆಸಿದ್ಲು. ಮೆಕ್ಯಾನಿಕ್ಕು. ಹೆಗಲ ಮೇಲೆ ಸದಾ ಒಂದು ಒಣ ಚಿಂದಿ, ಅದಕ್ಕೇ ಆ ಹೆಸರು. ಅವರು ಮೊದಲು ಎಂಜಿನ್ ಮುಚ್ಚಳ ತೆಗೆದು ಗಾಳಿಗೆ ಬಿಟ್ರು. ವಾಸನೆ ಹೋಗೋವರೆಗೂ ಒಂದು ಸ್ವಿಚ್ಚೂ ಮುಟ್ಟಲಿಲ್ಲ. ಆಮೇಲೆ ಬ್ಯಾಟರಿ ವೈರು ಕಳಚಿ, ಟ್ಯಾಂಕಿಂದ ಎಂಜಿನ್‌ವರೆಗೂ ಪೈಪು ಸೇರೋ ಕಡೆಯೆಲ್ಲ ಒರೆಸಿದ್ರು, ಚಿಂದಿ ಮೂಸಿದ್ರು. ಒರೆಸಿದ್ರು, ಮೂಸಿದ್ರು. ಎಲ್ಲಾ ಒಣ.

ಭಾವ ಎದೆ ಉಬ್ಬಿಸಿದ. "ನೋಡಿ ಮೇಷ್ಟ್ರೇ, ಸೋರ್ತಾನೇ ಇಲ್ಲ. ಇವಳ ಮೂಗು ಯಾವಾಗ್ಲೂ ನನ್ನ ಮೇಲೇ."

"ಟ್ಯಾಂಕಲ್ಲಿ ಎಷ್ಟಿದೆ?"

"ಕಾಲು ಭಾಗ."

"ಬಾಯಿವರೆಗೂ ತುಂಬಿಸಿ."

ತುಂಬಿಸಿದ್ವಿ. ನಾವು ಪೆಟ್ರೋಲ್ ಸುರಿಯೋ ಬಾಯಿಂದ ಟ್ಯಾಂಕಿಗೆ ಒಂದು ದಪ್ಪ ರಬ್ಬರ್ ಪೈಪು ಇಳಿಯುತ್ತೆ. ಅದರ ತಿರುವಿಗೆ ಮೇಷ್ಟ್ರು ಚಿಂದಿ ಒತ್ತಿದ್ರು. ಒದ್ದೆ. ಪೈಪು ಸ್ವಲ್ಪ ಬಗ್ಗಿಸಿದ್ರೆ, ಹಳೇ ಚಪ್ಪಲಿ ಥರ ಬಿರುಕು ಬಾಯಿಬಿಡ್ತು.

"ದಡದಲ್ಲಿ ಟ್ಯಾಂಕ್ ಅರ್ಧ ಖಾಲಿ ಇದ್ದಾಗ ಒಣಗಿರುತ್ತೆ," ಅಂದ್ರು. "ಜನರನ್ನ ಎಳೆಯೋಕೆ ಜೋರು ಮಾಡ್ತೀರಿ. ದೋಣಿ ಮೂತಿ ಮೇಲೇಳುತ್ತೆ, ಪೆಟ್ರೋಲ್ ಹಿಂದಕ್ಕೆ ನುಗ್ಗಿ ಈ ಪೈಪಿಗೆ ಹತ್ತುತ್ತೆ. ನೀವು ನೋಡೋದು ನಿಂತಾಗ, ಅದು ಸೋರೋದು ಓಡೋವಾಗ."

"ಎರಡು ಹನಿ ತಾನೇ?" ಅಂದ ಭಾವ.

"ಆ ಎರಡು ಹನಿ ಆವಿಯಾದ್ರೆ ಮೇಲೆ ಹೋಗಲ್ಲ ಸ್ವಾಮಿ. ಗಾಳಿಗಿಂತ ಭಾರ. ದೋಣಿ ಹೊಟ್ಟೇಲಿ ಮಲಗಿ ಒಂದು ಕಿಡಿಗೆ ಕಾಯ್ತಿರುತ್ತೆ. ದೋಣಿ ಪೆಟ್ರೋಲಿಗೇ ಅಂತ ಮಾಡಿರೋ ಪೈಪು ಬರುತ್ತೆ, ಎರಡೂ ತುದಿಗೆ ಎರಡೆರಡು ಕ್ಲಾಂಪು ಬಿಗೀಬೇಕು. ಸೋಮವಾರ ತರ್ತೀನಿ. ಅಲ್ಲಿವರೆಗೂ ಕೀಲಿ ಮುಟ್ಟಬೇಡಿ."

"ಭಾನುವಾರ ಜನ ಬರ್ತಾರಲ್ಲ ಮೇಷ್ಟ್ರೇ!"

"ಬರ್ಲಿ. ನಿಂತು ನೀರು ನೋಡ್ಲಿ."

ಮೇಷ್ಟ್ರು ಹೋದ್ರು. ಭಾವ ನನ್ನ ಮುಖ ನೋಡಿದ. ಊರಿಗೆಲ್ಲ ಬುದ್ಧಿ ಹೇಳೋ ನಾನು, "ಭಾವ, ಬೈಕ್ ಟ್ಯಾಂಕಿಗೆ ಮೆತ್ತಲ್ವಾ, ಹಾಗೇ ಸೋಪು ಮೆತ್ತೋಣ" ಅಂದೆ. ಮೆತ್ತಿದ್ದೂ ನಾನೇ. ವಾಸನೆ ನಿಂತೇಹೋಯ್ತು. ನನ್ನ ಬೆನ್ನು ನಾನೇ ತಟ್ಕೊಂಡೆ.

ಸೋಪು ನೀರಲ್ಲಿ ಕರಗುತ್ತೆ. ದೋಣಿ ನೀರಲ್ಲಿರುತ್ತೆ. ಇಷ್ಟು ಅರ್ಥ ಆಗೋಕೆ ನನಗೆ ಐವತ್ತೆರಡು ವರ್ಷ ಹಿಡೀತು.

ಭಾನುವಾರ ಎರಡು ಸುತ್ತು ಸಲೀಸಾಗಿ ಆಯ್ತು. ಮೂರನೇ ಸುತ್ತಿಗೆ ಜನ ಇನ್ನೂ ಹತ್ತಿರ್ಲಿಲ್ಲ, ನಾನು ದಡದಲ್ಲಿ ಹಗ್ಗ ಬಿಚ್ತಿದ್ದೆ. ಭಾವ ಕೀಲಿ ತಿರುಗಿಸಿದ.

ನಾನು ಕಟ್ಟಿದ ಕಥೆ ಆಗಿದ್ರೆ, ಭಾವ ಹಾರಿ ಮೋಡದ ಮೇಲೆ ಕೂತು ಅಲ್ಲಿಂದ ಕಾಫಿ ಕೇಳ್ತಿದ್ದ. ನಿಜದಲ್ಲಿ, ಧಪ್ ಅಂತ ಒಂದು ಸದ್ದು. ಅಷ್ಟೇ. ಎಂಜಿನ್ ಮುಚ್ಚಳ ನೀರಿಗೆ ಬಿತ್ತು, ಭಾವನೂ ಬಿದ್ದ. ಉಳ್ಕೊಂಡ. ಈಗ ದಿನಾ ಬೆಳಿಗ್ಗೆ ಅಕ್ಕ ಅವನ ಅಂಗಿ ಗುಂಡಿ ಹಾಕ್ತಾಳೆ. ಸುಟ್ಟ ಬೆರಳು ಮಡಚೋಕಾಗಲ್ಲ. ನಾನು ಹೋದ್ರೆ ಭಾವ ಬೈಯಲ್ಲ. "ಊಟ ಮಾಡ್ಕೊಂಡು ಹೋಗೋ" ಅಂತಾನೆ. ಬೈದ್ರೆ ಎಷ್ಟೋ ವಾಸಿ ಇತ್ತು.

ಸೋಮವಾರ ಮೇಷ್ಟ್ರು ಪೈಪು ತಂದ್ರು. ಹಾಕೋಕೆ ದೋಣಿ ಇರ್ಲಿಲ್ಲ, ಸುಟ್ಟುಹೋಗಿತ್ತು. ಅವತ್ತಿಂದ ಅದು ಅಕ್ಕನ ಮನೆ ಬಾಗಿಲ ಹಿಂದೆ ಮೊಳೇಲಿ ನೇತಾಡ್ತಿತ್ತು.

ಆಮೇಲೆ ನಾನು ಹನ್ನೊಂದು ದೋಣಿಯವರಿಗೆ ಇದನ್ನ ಹೇಳಿದೆ. ಹನ್ನೊಂದು ಜನನೂ "ಮೀನಿನ ಕಥೆ ಇದಕ್ಕಿಂತ ಚೆನ್ನಾಗಿತ್ತು" ಅಂದ್ರು. ಜೀವನವೆಲ್ಲ ಬಿಟ್ಟ ಬುರುಡೆ, ಬೇಕಾದಾಗ ಬಡ್ಡಿ ಸಮೇತ ವಾಪಸ್ ಬರುತ್ತೆ. ನೋಡಿ, ನಮ್ಮ ಷಡ್ಡಕನೂ ನಗ್ತಿದ್ದಾನೆ. ಏನಯ್ಯಾ ಅದು, ಜೋರಾಗಿ ಹೇಳು.

"ನಂದು ಎರಡು ಹನಿ ತಾನೇ ಅಂದೆ."

ಕೇಳಿದ್ರಾ? ಭಾವ ಅಂದಿದ್ದೂ ಇದೇ ಮಾತು. ಇನ್ನೇನು ಹೇಳ್ಲಿ ಇವನಿಗೆ? ಇವತ್ತು ಬರೋವಾಗ ಅಕ್ಕ ಆ ಪೈಪು ಬಿಚ್ಚಿ ಕೈಗೆ ಕೊಟ್ಲು. "ನಿನ್ನ ಮಾತು ಯಾರೂ ನಂಬಲ್ಲ ಕಣೋ. ಇದನ್ನ ತೋರಿಸು" ಅಂದ್ಲು. ಇಗೋ, ಮೇಜಿನ ಮೇಲಿದೆ. ಕ್ಲಾಂಪು ನಾಲ್ಕೂ ಇವೆ. ಹೊಸದು. ಮುಟ್ಟಿ ನೋಡಯ್ಯಾ, ಕಚ್ಚಲ್ಲ.

ಅಣ್ಣಂದಿರೇ, ಅಕ್ಕಂದಿರೇ, ನನ್ನನ್ನ ನಂಬಬೇಡಿ, ನಿಮ್ಮ ಮೂಗನ್ನ ನಂಬಿ. ಕೀಲಿ ಹಾಕೋ ಮುಂಚೆ ಎಂಜಿನ್ ಮುಚ್ಚಳ ಎತ್ತಿ ಮೂಸಿ. ವಾಸನೆ ಇಲ್ದಿದ್ರೂ ಬ್ಲೋವರ್ ನಾಲ್ಕು ನಿಮಿಷ ಗೊರಗೊರ ಅನ್ಲಿ. ವಾಸನೆ ಇದ್ರೆ ಯಾವ ಸ್ವಿಚ್ಚೂ ಮುಟ್ಟಬೇಡಿ, ಬೆಂಕಿ ಹತ್ರ ತರಬೇಡಿ, ಎಲ್ರನ್ನೂ ಇಳಿಸಿ, ಮುಚ್ಚಳ ತೆರೆದಿಟ್ಟು ಮೆಕ್ಯಾನಿಕ್ಕನ್ನ ಕರೀರಿ. ಸೋಪು ಮೈಗೆ, ಪೈಪಿಗಲ್ಲ. ಒಂದು ಭಾನುವಾರ ಹೋದ್ರೆ ಹೋಗ್ಲಿ, ನಿಮ್ಮ ಮಗಳು ಆ ದೋಣಿ ಹತ್ತೋ ಮುಂಚೆ...

ಏಯ್, ಎಲ್ಲಿಗೆ ಎದ್ದೆ? ಇನ್ನೂ ಮುಗಿದಿಲ್ಲ ಕಣಯ್ಯಾ. ಅದು ಅಕ್ಕನ ಪೈಪು, ಹೆಗಲಿಗೆ ಹಾಕ್ಕೊಂಡು ಎಲ್ಲಿ ಹೊರಟೆ? ಕೀಲಿ ಮೇಜಿನ ಮೇಲೇ ಬಿಟ್ಟೆಯಲ್ಲೋ! ಅಯ್ಯೋ, ಮೇಷ್ಟ್ರ ಮನೆ ಆ ಕಡೆ ಅಲ್ಲ, ಎಡಕ್ಕೆ ತಿರುಗು, ಬಾವಿ ದಾಟಿ ಮೂರನೇ...