ಹರಕೆಯಿಲ್ಲದ ನಡಿಗೆ

ಬಳಗಾನೂರಿನ ಕಿರಾಣಿ ಸಾಹುಕಾರ ಅಮರಗುಂಡಪ್ಪನವರ ಹೆಂಡತಿ ಕಸ್ತೂರೆಮ್ಮನಿಗೆ ಕಾಲೇ ಇಲ್ಲವೆಂದು ಊರು ಅಂದುಕೊಂಡಿದ್ದರೂ ತಪ್ಪಿರಲಿಲ್ಲ. ಮದುವೆಯಾಗಿ ಬಂದಾಗಿನಿಂದ ಅಂಗಡಿಯ ಹಿಂದಿನ ಮನೆ ಬಿಟ್ಟು ಆಕೆ ಹೊರಬಿದ್ದದ್ದೆಲ್ಲ ಗಾಡಿಯಲ್ಲೇ. ಸಾಹುಕಾರರ ಮನೆಯ ಹೆಂಗಸು ಬರಿಗೈಯಲ್ಲಿ ದಾರಿ ಹಿಡಿದರೆ ಯಾಕೆ, ಎಲ್ಲಿಗೆ ಎಂದು ಊರಿಗೆ ಊರೇ ಕೇಳುತ್ತದೆ. ಅದಕ್ಕೆಲ್ಲ ಉತ್ತರ ಕೊಡುವುದಕ್ಕಿಂತ ಮನೆಯೇ ವಾಸಿ ಎಂದು ಆಕೆಯೂ ಒಪ್ಪಿಕೊಂಡಿದ್ದಳು.

ಒಪ್ಪದೇ ಇದ್ದದ್ದು ಮೈ. ನಿದ್ದೆ ಹಾರಿಹೋಯಿತು, ಎದೆಯ ಮೇಲೆ ಜೋಳದ ಚೀಲ ಇಟ್ಟಂತೆ ಸದಾ ಒಂದು ಭಾರ. ಲಿಂಗಸುಗೂರಿನ ಡಾಕ್ಟರು ಸಕ್ಕರೆ ಕಾಯಿಲೆಗೆ ಗುಳಿಗೆ ಬರೆದುಕೊಟ್ಟು, "ದಿನಾ ಮುಂಜಾನೆ ನಡೀರಿ" ಎಂದರು. ಅಮರಗುಂಡಪ್ಪನವರು ಗುಳಿಗೆಯನ್ನೇನೋ ತಂದರು. ನಡಿಗೆಯ ಮಾತು ಬಂದಾಗ, "ಮಾಳಿಗಿ ಮ್ಯಾಲ ಅಡ್ಡಾಡು" ಎಂದರು. ಮಾಳಿಗೆಯಲ್ಲಿ ಗಿರಕಿ ಹೊಡೆದು ತಲೆ ಸುತ್ತಿತೇ ಹೊರತು ಭಾರ ಇಳಿಯಲಿಲ್ಲ.

ಒಂದು ನಸುಕಿನಲ್ಲಿ ಗಂಡ ಏಳುವ ಮೊದಲೇ ಹಿತ್ತಲ ಬಾಗಿಲಿನಿಂದ ಕಾಲುವೆಯ ಏರಿ ಹಿಡಿದು ಹೊರಟೇಬಿಟ್ಟಳು. ಹಿಂದಿನ ದಿನ ಮಳೆಯಾಗಿತ್ತು. ಎರೆಮಣ್ಣು ಚಪ್ಪಲಿಗೆ ಮೆತ್ತಿ ಹೆಜ್ಜೆ ಕೀಳಲಾಗದೆ, ಅವನ್ನು ಬೇಲಿಯ ಬುಡದಲ್ಲಿ ಬಿಟ್ಟು ಬರಿಗಾಲಲ್ಲಿ ನಡೆದಳು. ಭತ್ತದ ನಾಟಿಗೆ ಹೊರಟಿದ್ದ ಯಮನೂರಮ್ಮ ಹಿಂದಿನಿಂದ ಬಂದು ಜೊತೆಯಾದಳು. ಅಂಗಡಿಗೆ ಎಣ್ಣೆ, ಬೇಳೆಗೆ ಬರುತ್ತಿದ್ದ ಕೂಲಿಯಾಕೆ. ಇಷ್ಟು ವರ್ಷ ಇಬ್ಬರ ನಡುವೆ ತಕ್ಕಡಿ ಇತ್ತು.

"ಕೈ ಕೊಡ್ರಿ ಅಕ್ಕಾವ್ರ, ಇಲ್ಲಿ ಜಾರತೈತಿ" ಎಂದಳು.

ಆ ಕೈ ಮರುದಿನವೂ ಬೇಕೆನಿಸಿತು. ಯಮನೂರಮ್ಮನ ಬಾಯಿಗೆ ಬಿಡುವಿಲ್ಲ. ಗಂಡನ ಗೊರಕೆ, ಸೊಸೆಯ ಸಿಟ್ಟು ಎಲ್ಲವನ್ನೂ ಅಭಿನಯಿಸಿ ತೋರಿಸುವಳು. ಕಸ್ತೂರೆಮ್ಮ ನಕ್ಕು ನಕ್ಕು ಏರಿಯ ಮೇಲೆ ಕೂತುಬಿಡುವಳು. ಯಾರಿಗೂ ಹೇಳದ ತನ್ನ ಮಾತುಗಳನ್ನೂ ಅಲ್ಲೇ ಹೇಳಿಕೊಂಡಳು. ಬೆಳ್ಳಕ್ಕಿಗಳು ಗದ್ದೆಗೆ ಇಳಿಯುವಾಗ ಇಬ್ಬರೂ ಸುಮ್ಮನೆ ನಿಲ್ಲುತ್ತಿದ್ದರು. ನಿದ್ದೆ ಮರಳಿ ಬಂತು.

ಊರಿನ ಕಣ್ಣಿಗೆ ಬಿದ್ದದ್ದು ಮಾತ್ರ ಬರಿಗಾಲು. ನಮ್ಮ ಕಡೆ ಹೆಂಗಸು ನಡೆದರೆ ಕೂಲಿಗೆ ನಡೆಯಬೇಕು, ಇಲ್ಲ ದೇವರಿಗೆ ನಡೆಯಬೇಕು. ಮೂರನೆಯದು ಯಾರಿಗೂ ಹೊಳೆಯುವುದಿಲ್ಲ. ಸಾಹುಕಾರರ ಹೆಂಡತಿ ಶ್ರೀಶೈಲದ ಪಾದಯಾತ್ರೆಗೆ ಹರಕೆ ಹೊತ್ತಿದ್ದಾಳೆ, ಅದಕ್ಕೇ ಕಾಲು ಪಳಗಿಸುತ್ತಿದ್ದಾಳೆ ಎಂದು ತೀರ್ಮಾನವಾಯಿತು. ಬೈಯಲು ಬಾಯಿ ತೆರೆದಿದ್ದ ಅಮರಗುಂಡಪ್ಪನವರು, ಗಿರಾಕಿಗಳು ಕೈಮುಗಿಯತೊಡಗಿದ ಮೇಲೆ ಹೆಂಡತಿಯನ್ನು ಕೇಳುವ ಗೋಜಿಗೂ ಹೋಗದೆ, "ಹೌದ್ರಿ, ಶ್ರೀಶೈಲ ಮಲ್ಲಯ್ಯನ ಹರಕಿ" ಎಂದು ಎದೆಯುಬ್ಬಿಸಿದರು.

ಕಸ್ತೂರೆಮ್ಮ ತುಟಿ ಬಿಚ್ಚಲಿಲ್ಲ. ಹರಕೆಯಲ್ಲ ಎಂದರೆ ನಾಳೆಯಿಂದ ಏರಿಯಿಲ್ಲ, ಯಮನೂರಮ್ಮನಿಲ್ಲ, ಮತ್ತೆ ಅದೇ ಮಾಳಿಗೆ. ನೆಲ ಒಣಗಿದ ಮೇಲೂ ಬರಿಗಾಲಲ್ಲೇ ನಡೆದಳು.

ಒಂದು ಸೋಮವಾರ ಮುದುಕಿ ವೀರಭದ್ರಮ್ಮ ಅಂಗಡಿಯ ಮುಂದೆಯೇ ಆಕೆಯ ಕಾಲು ಹಿಡಿದಳು. "ಮೊಮ್ಮಗಳು ಜ್ವರದಾಗ ಮಲಗ್ಯಾಳ ಯವ್ವಾ. ದವಾಖಾನಿ ಬ್ಯಾಡಂದೀನಿ, ನಿನ್ನ ಮ್ಯಾಲ ಭಾರ ಹಾಕೀನಿ. ನಿನ್ನ ಹರಕಿ ಪುಣ್ಯದಾಗ ಆಕಿಗೆ ಒಂದೀಟು ಪಾಲು ಕೊಡು."

ತನ್ನ ನಿದ್ದೆಯ ಆಸೆಗೆ ಒಂದು ಕೂಸಿನ ಜೀವ ಒತ್ತೆ ಇಡುವುದೇ? ಕಸ್ತೂರೆಮ್ಮ ಮುದುಕಿಯನ್ನು ಎತ್ತಿ ನಿಲ್ಲಿಸಿದಳು. ಗಂಡನಿಗೂ ಗಿರಾಕಿಗಳಿಗೂ ಕೇಳುವಂತೆ ಹೇಳಿದಳು:

"ಹರಕಿ ಇಲ್ಲ ಯವ್ವಾ, ಪುಣ್ಯಾನೂ ಇಲ್ಲ. ನಾ ನನ್ನ ಸಲುವಾಗಿ ನಡ್ಯಾಕತ್ತೀನಿ. ಯಮನೂರಮ್ಮನ ಜೋಡಿ ನಡದ್ರ ಎದಿ ಹಗುರಾಗತೈತಿ. ಖರೇ ಹೇಳಿದ್ರ ಬಿಡಸ್ತಾರಂತ ಅಂಜಿದ್ದೆ. ಈಗ ಕೂಸಿನ್ನ ದವಾಖಾನಿಗೆ ಒಯ್ಯೂಣು ನಡಿ, ನಾನೂ ಬರ್ತೀನಿ."

ಅಮರಗುಂಡಪ್ಪನವರ ಮುಖ ಕಪ್ಪಿಟ್ಟಿತು. ಆಕೆ ನೋಡುತ್ತಾ ನಿಲ್ಲಲಿಲ್ಲ. ಅಜ್ಜಿಯನ್ನೂ ಮೊಮ್ಮಗಳನ್ನೂ ಆಟೋದಲ್ಲಿ ಕೂರಿಸಿಕೊಂಡು ದವಾಖಾನೆಗೆ ಹೋದಳು. ಸೂಜಿ ಚುಚ್ಚಿಸಿ, ಜ್ವರ ಇಳಿದ ಮೇಲೇ ಮನೆಗೆ ಬಂದಳು.

ಊಟಕ್ಕೆ ಬಡಿಸುತ್ತಾ ತಾನೇ ಮಾತು ತೆಗೆದಳು. "ನಾಳೆನೂ ಹೋಗ್ತೀನ್ರಿ."

"ಮಂದಿಗೆ ಏನಂತ ಹೇಳ್ಲಿ?"

"ಇದ್ದದ್ದ ಹೇಳ್ರಿ."

ಅವರು ರೊಟ್ಟಿ ಮುರಿದರು.

ಮರುದಿನ ಆಕೆ ಚಪ್ಪಲಿ ಮೆಟ್ಟಿದಳು. ಹಿತ್ತಲ ಬಾಗಿಲನ್ನು ಬಿಟ್ಟು, ಅಂಗಡಿಯ ಮುಂದಿನಿಂದಲೇ ಹೊರಟಳು. ತಲೆ ತಗ್ಗಿಸಲಿಲ್ಲ. ಮಸ್ಕಿಯಿಂದ ಮಾಲು ತಂದಿದ್ದ ಗಾಡಿಯವನು ಬೆನ್ನ ಹಿಂದೆ ಕೇಳಿದ್ದು ಕಿವಿಗೆ ಬಿತ್ತು: "ಸಾವ್ಕಾರ್ರ, ಅಮ್ಮಾರ ಎಲ್ಲಿಗೆ ಹೊಂಟಾರ್ರಿ? ಏನರ ಹರಕಿ ಐತೇನು?"

ಅಮರಗುಂಡಪ್ಪನವರು ಕೆಮ್ಮಿದರು. ಆಕೆಯ ಹೆಜ್ಜೆ ತಡೆಯಿತು.

"ಹರಕಿ ಇಲ್ಲ, ಏನಿಲ್ಲ," ಎಂದರು ಅವರು. ಮಲ್ಲಯ್ಯನ ಹೆಸರು ಹೇಳುವಾಗ ಇದ್ದ ಗತ್ತೇ ದನಿಯಲ್ಲಿತ್ತು. "ತನ್ನ ಸಲುವಾಗಿ ನಡ್ಯಾಕತ್ತಾಳ, ನಮ್ಮಾಕಿ."

ಕಸ್ತೂರೆಮ್ಮ ತಿರುಗಿ ನೋಡಲಿಲ್ಲ. ಮೂಲೆಯಲ್ಲಿ ಕಾಯುತ್ತಿದ್ದ ಯಮನೂರಮ್ಮನ ಕೈ ಹಿಡಿದು, ಊರ ನಡುವಿನ ದಾರಿಯಲ್ಲೇ, ಚಪ್ಪಲಿ ಸಪ್ಪಳ ಮಾಡುತ್ತಾ ನಡೆದಳು.