ಮಂಡಿಮನೆಯ ಮಾರಾಟ

ಹಳೇಪೇಟೆಯ ಮಂಡಿಮನೆ ಮಾರಾಟಕ್ಕೆ ಬಂದಿದೆಯೆಂದು ಜಾಕಿರನಿಗೆ ಹೇಳಿದವನು ಆ ಮನೆಯ ಯಜಮಾನ ವೀರೇಶನೇ. ಇಬ್ಬರೂ ಒಂದೇ ಬೆಂಚಿನಲ್ಲಿ ಕೂತು ಓದಿದವರು. ವೀರೇಶ ಈಗ ಚಿತ್ರದುರ್ಗದಲ್ಲಿ ಸಿಮೆಂಟಿನ ಅಂಗಡಿ ಇಟ್ಟಿದ್ದ. ಜಾಕಿರ್ ಮಂಡಿಮನೆಯ ಬೀದಿಯ ಮೂಲೆಯಲ್ಲೇ ಮೋಟಾರು ರಿಪೇರಿಯ ಶೆಡ್ಡು ನಡೆಸುತ್ತಿದ್ದ. ಚಳ್ಳಕೆರೆಯ ಎಣ್ಣೆ ಮಿಲ್ಲಿನ ಮೋಟಾರಾಗಲಿ, ಸುತ್ತಲ ಹಳ್ಳಿಯ ಬೋರಿನ ಪಂಪಾಗಲಿ, ಸುಟ್ಟಿತೆಂದರೆ ಅವನ ಶೆಡ್ಡಿಗೇ ಬರಬೇಕು.

"ಹೊರಗಿನೋರಿಗೆ ಕೊಡೋಕೆ ಮನಸ್ಸು ಬರಲ್ಲ ಕಣಲೇ," ಅಂದಿದ್ದ ವೀರೇಶ. "ನಮ್ಮ ತಾತನ ಅಪ್ಪ ಕಟ್ಟಿಸಿದ್ದು. ನೀನಾದ್ರೆ ಕೆಡವಲ್ಲ."

"ಅಂಥ ಮನೆ ಕೆಡವೋಕೆ ನನಗೇನು ತಲೆ ಕೆಟ್ಟೈತಾ?" ಅಂದ ಜಾಕಿರ್.

ಬೀದಿಗೆಲ್ಲ ದೊಡ್ಡ ಮನೆ ಅದು. ಹತ್ತು ಜನ ಸಾಲಾಗಿ ಮಲಗಬಹುದಾದ ಜಗಲಿ, ತೇಗದ ಕಂಬಗಳ ತೊಟ್ಟಿ, ಕಡಪ ಕಲ್ಲಿನ ನೆಲ, ಮೇಲೆ ಮಣ್ಣಿನ ಮಾಳಿಗೆ. ವೀರೇಶನ ಅಪ್ಪ ಗಾದ್ರಪ್ಪನ ಕಾಲದಲ್ಲಿ ಶೇಂಗಾ ಮಂಡಿ ಅಲ್ಲೇ ನಡೆಯುತ್ತಿತ್ತು. ಜಾಕಿರನ ಅಪ್ಪ ಬಾಬು ಸಾಬ್ ಗಾದ್ರಪ್ಪನ ಮಿಲ್ಲಿನ ಇಂಜಿನ್ ನೋಡಿಕೊಂಡರೆ, ಅಮ್ಮಿ ಸಕೀನಾ ಬೀ ಉಳಿದ ಹೆಂಗಸರ ಜೊತೆ ತೊಟ್ಟಿಯಲ್ಲಿ ಕೂತು ಶೇಂಗಾ ಸುಲಿಯುತ್ತಿದ್ದಳು. ಮನೆಯೊಡತಿ ಸೂರಮ್ಮನೇ ಜಾಕಿರನ ಜೋಲಿಯನ್ನು ಒಳಗಿನ ತೊಲೆಗೆ ಕಟ್ಟಿಸಿದ್ದಳಂತೆ. ಹೊರಗೆ ಕಟ್ಟಿದರೆ ಕೂಸಿಗೆ ಬಿಸಿಲು ಬೀಳುತ್ತದೆ ಅಂತ. ಗಾದ್ರಪ್ಪ, ಸೂರಮ್ಮ, ಬಾಬು ಸಾಬ್ ಮೂವರೂ ಈಗಿಲ್ಲ.

ಮಾತು ಮುಗಿಯಿತು. ಎಲೆ ಅಡಿಕೆಯ ಜೊತೆ ಮುಂಗಡವೂ ಕೈ ಬದಲಾಯಿತು. ಜಾಕಿರ್ ಬಳ್ಳಾರಿ ರಸ್ತೆಯ ತನ್ನ ಸೈಟನ್ನು ಮಾರಿದ. ಹೆಂಡತಿ ಮೆಹಜಬೀನ್ ಅಡುಗೆಮನೆಯ ಗೋಡೆಯನ್ನು ಗೇಣು ಹಾಕಿ ಅಳೆದು ಬಂದಳು. ಸಕೀನಾ ಬೀ ಒಮ್ಮೆ ಹೋಗಿ ತೊಟ್ಟಿಯ ಕಟ್ಟೆಯ ಮೇಲೆ ಸುಮ್ಮನೆ ಕೂತು, "ಕೂಲಿಗೆ ಬಂದ ಮನೆ," ಅಂತಷ್ಟೇ ಅಂದು ಎದ್ದಳು. ಆದರೆ ಅವತ್ತಿನಿಂದ ಅವಳ ನಡಿಗೆಯೇ ಬೇರೆಯಾಯಿತು.

ರಿಜಿಸ್ಟ್ರಿಗೆ ಇನ್ನೊಂದು ವಾರವಿದೆ ಎನ್ನುವಾಗ ವೀರೇಶನ ಫೋನು ಬಂತು.

"ಏನು ಹೇಳ್ಲಿ ಜಾಕಿರಾ, ನಿರ್ಮಲಾ ಒಪ್ತಿಲ್ಲ. ಅವಳ ಸಹಿ ಇಲ್ದೆ ಆಗಲ್ಲ."

ನಿರ್ಮಲಾ ವೀರೇಶನ ತಂಗಿ. ಮೊಳಕಾಲ್ಮೂರಿಗೆ ಕೊಟ್ಟಿದ್ದರು. ಜಾಕಿರನ ಸೈಕಲ್ಲಿನ ಹಿಂದೆ ಕೂತು ಶಾಲೆಗೆ ಹೋದ ಹುಡುಗಿ. ಏನೋ ತಪ್ಪು ತಿಳಿದಿರಬೇಕು, ಎದುರಿಗೆ ಕೂತು ಹೇಳಿದರೆ ಒಪ್ಪಿಯಾಳು ಅಂದುಕೊಂಡು ಜಾಕಿರ್ ಮರುದಿನವೇ ಬಸ್ಸು ಹತ್ತಿದ.

ನಿರ್ಮಲಾಳ ಮನೆಯ ಪಡಸಾಲೆಯಲ್ಲಿ ಗಂಡ ಮಗ್ಗದ ಗುಂಡಿಯಲ್ಲಿ ಕಾಲಿಳಿಬಿಟ್ಟು ರೇಷ್ಮೆ ಸೀರೆ ನೇಯುತ್ತಿದ್ದ. ಜಾಕಿರನನ್ನು ನೋಡಿ ಅವಳ ಮುಖ ಅರಳಿತು.

"ಬಾ ಜಾಕಿರಣ್ಣ. ಅಮ್ಮಿ ಹೆಂಗವ್ರೆ? ಗೃಹಪ್ರವೇಶ ಯಾವಾಗ?"

ಜಾಕಿರ್ ಬಂದ ವಿಷಯ ಹೇಳಿದ. ಅವಳು ತಂದಿದ್ದ ನೀರಿನ ಚೊಂಬು ಕೈಯಲ್ಲೇ ಉಳಿಯಿತು.

"ನಾನ್ಯಾವಾಗ ಒಪ್ಪಲ್ಲ ಅಂದೆ? ಮನೆ ನಿನಗೆ ಅಂತ ಕೇಳಿ, ಸದ್ಯ ಅವ್ವನ ಮನೆ ಉಳೀತು ಅಂದ್ಕೊಂಡೆ."

ಅಲ್ಲೇ ನಿಂತು ಅಣ್ಣನಿಗೆ ಫೋನು ಹಚ್ಚಿ ಸ್ಪೀಕರಿಗೆ ಹಾಕಿದಳು. ಜಾಕಿರ್ ಎದುರಿಗಿದ್ದಾನೆ ಎಂದು ಹೇಳಲಿಲ್ಲ.

"ಬೀದಿಯೋರೆಲ್ಲ ಬಂದಿದ್ರು ಕಣೆ," ಅಂದ ವೀರೇಶ. "ಚಿಕ್ಕೀರಪ್ಪನೇ ಮುಂದಾಳು. ಇವತ್ತು ಒಂದು ಮನೆ ಕೊಟ್ರೆ ನಾಳೆ ಇಡೀ ಬೀದಿ ಅವರದಾಗ್ತೈತೆ ಅಂತಾರೆ. ನಾಳೆ ಒಂದು ಮದುವೆ, ಸಾವು ಅಂದ್ರೆ ನಮಗೆ ಬೀದಿಯೋರೇ ಬೇಕಲ್ವಾ? ಜಾಕಿರ ಒಳ್ಳೆಯೋನೇ, ನಾನೇನು ಇಲ್ಲ ಅಂದ್ನಾ? ಅವನಿಗೆ ನಿನ್ನ ಹೆಸರು ಹೇಳಿದೀನಿ. ಕೇಳಿದ್ರೆ ಹೂಂ ಅನ್ನು."

ಮಗ್ಗದ ಸದ್ದು ನಿಂತಿತು. ನಿರ್ಮಲಾ ಫೋನು ಇಟ್ಟು ಸೆರಗಿನಿಂದ ಕಣ್ಣೊತ್ತಿಕೊಂಡಳು. "ಬೇರೆ ಯಾರಿಗೆ ಅಂದ್ರೂ ನಾನು ಸಹಿ ಹಾಕಲ್ಲ. ಅವ್ವನ ಆಣೆ," ಅಂದಳು. ಜಾಕಿರ್ ನೀರು ಕುಡಿದು, ಅವಳ ಗಂಡನಿಗೆ ಬರ್ತೀನಿ ಅಂತ ಹೇಳಿ ಹೊರಟ.

ಶ್ರಾವಣ ಕಳೆಯುವುದರೊಳಗೆ ಅವಳು ಬೇರೆಯವನ ಪತ್ರಕ್ಕೇ ಸಹಿ ಹಾಕಿದಳು. ಅಣ್ಣ ತವರಿನ ಬಾಗಿಲು ಮುಚ್ಚುತ್ತೇನೆಂದ, ಗಂಡ ನಮಗ್ಯಾಕೆ ಊರ ಉಸಾಬರಿ ಎಂದ. ಅವಳಿಂದ ಜಾಕಿರನಿಗೆ ಒಂದು ಫೋನೂ ಬರಲಿಲ್ಲ. ವೀರೇಶ ಮುಂಗಡವನ್ನು ಅಂಗಡಿ ಆಳಿನ ಕೈಯಲ್ಲಿ ವಾಪಸು ಕಳಿಸಿದ. ಅಷ್ಟೊತ್ತಿಗೆ ಬಳ್ಳಾರಿ ರಸ್ತೆಯಲ್ಲಿ ಮೊದಲಿನಂಥ ಸೈಟು ಜಾಕಿರನ ಕೈಗೆಟುಕುವ ಹಾಗಿರಲಿಲ್ಲ.

ಚಿಕ್ಕೀರಪ್ಪ ಒಂದು ಬೆಳಿಗ್ಗೆ ತೋಟದ ಮೋಟಾರು ಒಯ್ಯಲು ಶೆಡ್ಡಿಗೆ ಬಂದ. "ನಿನ್ನ ಮೇಲೆ ನಮಗೇನೂ ಇಲ್ಲಪ್ಪ. ನಿನ್ನಂಥೋನು ಈ ಊರಲ್ಲೇ ಇಲ್ಲ," ಅಂದ. ಜಾಕಿರ್ ಮೋಟಾರನ್ನು ಓಡಿಸಿ ತೋರಿಸಿ, ಆಟೋಗೆ ಎತ್ತಿಕೊಟ್ಟ.

ಮನೆ ಕೊಂಡವನು ಗಂಗರಾಜು ಅಂತ, ಹೊರಗಿನವನು. ನಮ್ಮ ಪೈಕಿಯವನೇ, ದೈವಭಕ್ತ ಎಂದು ಬೀದಿಯವರೆಲ್ಲ ಒಪ್ಪಿದ್ದರು. ಒಂದು ಸೋಮವಾರ ಜೆಸಿಬಿ ಬಂತು. ಕಂಬಗಳೂ ತಲೆಬಾಗಿಲೂ ಯಾವುದೋ ರೆಸಾರ್ಟಿಗೆಂದು ಲಾರಿ ಹತ್ತಿದವು. ಮಾಳಿಗೆಯ ಮಣ್ಣು ಬಿದ್ದಾಗ ಎದ್ದ ಧೂಳು ಬೀದಿಯ ಅನ್ನದ ತಟ್ಟೆಗಳಲ್ಲೆಲ್ಲ ಇಳಿಯಿತು. ಸಕೀನಾ ಬೀ ಆ ಕಡೆ ಹೋಗುವುದನ್ನು ಬಿಟ್ಟಳು. ವರ್ಷ ತುಂಬುವುದರೊಳಗೆ ಅಲ್ಲಿ ಗಾಜು ಹೊದ್ದ ಮೂರಂತಸ್ತಿನ ಕಟ್ಟಡ ನಿಂತಿತು. ಬೋರ್ಡು ಬರೆಸಿದ ದಿನವೇ ಬೀದಿಗೆ ಗೊತ್ತಾದದ್ದು: ಕೆಳಗೆ ಬಾರು, ಮೇಲೆ ಲಾಡ್ಜು.

ಆಗ ಚಿಕ್ಕೀರಪ್ಪ ಮತ್ತೆ ಬಂದ. ಕೈಯಲ್ಲಿ ಅಧಿಕಾರಿಗಳಿಗೆ ಬರೆದ ಅರ್ಜಿಯಿತ್ತು.

"ಹೆಣ್ಣುಮಕ್ಕಳು ಓಡಾಡೋ ಬೀದಿ ಇದು. ಒಂದು ಸಹಿ ಹಾಕು ಜಾಕಿರಾ. ನೀನೂ ಈ ಬೀದಿಯೋನೇ ಅಲ್ವಾ?"

ಜಾಕಿರ್ ಕೈಯ ಗ್ರೀಸನ್ನು ಬಟ್ಟೆಗೆ ಒರೆಸಿದ. ಒರೆಸುತ್ತಲೇ ಇದ್ದ.

"ನನ್ನ ಶೆಡ್ಡು ಬಾಡಿಗೇದು ಯಜಮಾನ್ರೇ," ಅಂದ ಕೊನೆಗೆ. "ನಿಮ್ಮ ಬೀದಿ ವಿಷಯ. ನೀವೇ ನೋಡ್ಕೊಳ್ಳಿ."

ಚಿಕ್ಕೀರಪ್ಪ ಅರ್ಜಿಯನ್ನು ಮಡಚಿಕೊಂಡು ಹೋದ. ಅರ್ಜಿಯಿಂದ ಏನೂ ಆಗಲಿಲ್ಲ.

ಬಾರು ಶುರುವಾಗುವ ಮುಂಚಿನ ವಾರ ಗಂಗರಾಜು ಹೇಳಿಕಳಿಸಿದ. ಹಳೇ ಜನರೇಟರೊಂದನ್ನು ತಂದಿದ್ದಾನೆ, ಸ್ಟಾರ್ಟ್ ಆಗುತ್ತಿಲ್ಲ, ಜಾಕಿರನೇ ಬರಬೇಕು. ಬರಲ್ಲ ಅನ್ನಬಹುದಿತ್ತು. ಮೆಹಜಬೀನ್ ಹಾಗೇ ಅನ್ನು ಅಂದಳು ಕೂಡ. ಆದರೆ ಜಾಕಿರ್ ಸಾಮಾನಿನ ಚೀಲ ಎತ್ತಿಕೊಂಡು, ಬೀದಿಯ ಎಲ್ಲ ಜಗಲಿಗಳ ಮುಂದೆಯೂ ನಿಧಾನವಾಗಿ ನಡೆದುಹೋದ. ಎಲ್ಲರೂ ನೋಡಲಿ ಅಂತಲೇ ನಡೆದ. ಕಟ್ಟಡದ ಹಿತ್ತಲಿನಲ್ಲಿ ಕೂತು ದಿನವಿಡೀ ಕೆಲಸ ಮಾಡಿದ. ಇಂಜಿನ್ ಒಮ್ಮೆ ಕೆಮ್ಮಿ, ಹೊಗೆಯುಗುಳಿ, ಆಮೇಲೆ ಸರಾಗವಾಗಿ ಓಡತೊಡಗಿದಾಗ ಎದೆಯೊಳಗೆ ಏನೋ ತಣ್ಣಗಾದಂತಾಯಿತು.

ಸಂಜೆ ಮನೆಗೆ ಬಂದಾಗ ಸಕೀನಾ ಬೀಗೆ ಆಗಲೇ ಸುದ್ದಿ ಮುಟ್ಟಿತ್ತು.

"ಯಾರ ಮೇಲಿನ ಸಿಟ್ಟಿಗೆ ಹೋದೆ?"

"ಸಿಟ್ಟೇನಿಲ್ಲ ಅಮ್ಮಿ. ಕೆಲಸ."

"ನಿಮ್ಮಪ್ಪನೂ ಇಂಜಿನ್ ಕೆಲಸವೇ ಮಾಡಿದ್ದು. ನನಗೆ ಹೇಳ್ಬೇಡ." ಅವಳ ದನಿ ಏರಲಿಲ್ಲ. "ಅವರು ಮಾಡಿದ್ದು ಅವರಿಗಿರಲಿ. ನಾಳೆಯಿಂದ ಕತ್ತಲಾದ್ರೆ ಆ ಬೀದಿ ಹುಡುಗೀರು ಮನೆಯಿಂದ ಹೊರಗೆ ಕಾಲಿಡಂಗಿಲ್ಲ. ಅವರೇನು ಮಾಡಿದ್ರು ನಿನಗೆ?"

ಜಾಕಿರ್ ಸಾಮಾನಿನ ಚೀಲವನ್ನು ಮೂಲೆಗಿಟ್ಟ. ಅವಳು ತನ್ನ ತಟ್ಟೆ ಎತ್ತಿಕೊಂಡು ಒಳಗಿನ ಕೋಣೆಗೆ ಹೋದಳು. ಅವತ್ತಿನಿಂದ ಮಗನ ಜೊತೆ ಕೂತು ಊಟ ಮಾಡುವುದನ್ನು ಬಿಟ್ಟಳು.

ಆ ಬೇಸಿಗೆಯಲ್ಲಿ ಕರೆಂಟು ಹೋದಾಗಲೆಲ್ಲ ಹಳೇಪೇಟೆಯಲ್ಲಿ ಆ ಒಂದು ಕಟ್ಟಡ ಮಾತ್ರ ಬೆಳಗುತ್ತಿತ್ತು. ಜನರೇಟರು ಒಂದು ದಿನವೂ ಕೆಡಲಿಲ್ಲ. ಜಾಕಿರ್ ಶೆಡ್ಡಿನ ಕತ್ತಲಲ್ಲಿ ಕೂತು ಅದರ ಸದ್ದು ಕೇಳುತ್ತಿದ್ದ.