ಮುಂಬಾಗಿಲ ಹೇಳಿಕೆ

"ಅಮ್ಮ, ಆ ಬದಿ ಅಲ್ಲ, ಇಲ್ಲಿ!"

ನವ್ಯಶ್ರೀ ತಾಯಿಯ ಸೆರಗು ಹಿಡಿದೆಳೆದಳು. ಗೇಟು ದಾಟಿದ್ದೇ ತಡ, ರಾಜೀವಿಯ ಕಾಲುಗಳು ಬಾವಿಕಟ್ಟೆಯ ಪಕ್ಕದ ದಾರಿ ಹಿಡಿದು ಹಿತ್ತಲಿಗೆ ಹೊರಟಿದ್ದವು. ಅವುಗಳದ್ದೇನು ತಪ್ಪು? ಇಪ್ಪತ್ತೆರಡು ವರ್ಷ ಮೀನಿನ ಬುಟ್ಟಿ ಹೊತ್ತು ನಡೆದದ್ದು ಅದೇ ದಾರಿ. ಹರಿಣಾಕ್ಷಮ್ಮನ ಮನೆಯ ಹಿಂಬಾಗಿಲ ಚಿಲಕ ಯಾವ ಕಡೆಗಿದೆ ಎಂದು ಕೇಳಿದರೆ ಅವಳು ಕಣ್ಣು ಮುಚ್ಚಿ ಹೇಳಿಯಾಳು. ಮುಂಬಾಗಿಲಿನ ಬಣ್ಣ ಯಾವುದೆಂದರೆ ಗೊತ್ತಿಲ್ಲ.

ಎಲ್ಲಕ್ಕೂ ಮೂಲ ಮಗಳ ಮದುವೆ. ಮದುಮಗ ತೆಕ್ಕಟ್ಟೆಯ ಯತೀಶ ದೋಣಿಯಲ್ಲಿ ಮೀನಿಗೆ ಹೋಗುವವನು, ಬಲೆಯಲ್ಲಿ ಬಂಗುಡೆ ಮೀನಿನ ಜೊತೆ ಬರುವ ಪ್ಲಾಸ್ಟಿಕ್ ಲೋಟ ಹೆಕ್ಕಿ ಹೆಕ್ಕಿ ಬೇಸತ್ತವನು. ಮದುವೆಯ ಮರುದಿನ ಗುಡಿಸಿ ಸುಡುವಂಥದ್ದೇನೂ ಉಳಿಯಬಾರದು ಎಂದು ಹುಡುಗ ಹುಡುಗಿ ಸೇರಿ ತೀರ್ಮಾನಿಸಿಬಿಟ್ಟರು. ಹಾಲ್ ಬೇಡ, ಅಂಗಳದಲ್ಲೇ ತೆಂಗಿನ ಮಡಲಿನ ಚಪ್ಪರ. ಫ್ಲೆಕ್ಸ್ ಬೇಡ. ಊಟಕ್ಕೆ ಬಾಳೆಲೆ, ನೀರಿಗೆ ಭಜನಾ ಮಂದಿರದ ಸ್ಟೀಲ್ ಲೋಟ. ಖರ್ಚೂ ಕಡಿಮೆಯೆಂದು ರಾಜೀವಿ ಎಲ್ಲಕ್ಕೂ ಹೂಂಗುಟ್ಟಿದಳು. ಉಪ್ಪುಂದದ ಕೇರಿಯವರಿಗಂತೂ ಇದೆಂಥ ಮದುವೆಯೋ ನೋಡೇಬಿಡಬೇಕೆಂಬ ತವಕ. ಮದುವೆ ಕಾಗದವೂ ಬೇಡ ಎಂದಾಗ ಮಾತ್ರ ರಾಜೀವಿ ತಕರಾರು ತೆಗೆದಳು.

"ಕಾಗ್ದ ಆರೆ ಮೀನಿನ ಒಟ್ಟಿಗೆ ಹಿಂದ್ ಬದಿಯಂಗೇ ಕೊಡ್ಲಕ್ಕಿತ್ತ್. ಬಾಯಿ ಹೇಳ್ಕೆ ಅಂದ್ರೆ ಎದ್ರ್ ಬಾಗ್ಲಿಗೇ ಹೋಯ್ಕ್."

"ಹೋಪ. ಅದ್ರಂಗೆ ಎಂತ ಇತ್ತ್?" ಎಂದಿದ್ದಳು ಮಗಳು.

ಏನಿದೆ ಎಂದು ತಾಯಿಗೆ ಗೊತ್ತು. ಬಾಯಲ್ಲಿ ಕರೆಯುವ ಹೇಳಿಕೆಗೊಂದು ಕ್ರಮವುಂಟು: ಮುಂಬಾಗಿಲಲ್ಲಿ ನಿಂತು, ವೀಳ್ಯ ಕೊಟ್ಟು, ಯಾರ ಮನೆಯ ಮದುವೆ ಎಂದು ಹೇಳಬೇಕು. ಹಿಂಬಾಗಿಲಲ್ಲಿ ಹೇಳಿದ್ದು ಲೆಕ್ಕಕ್ಕಿಲ್ಲ. ಆದರೆ ಮಗಳ ಎದುರೇ ಯಾರಾದರೂ 'ಹಿಂದಕ್ಕೆ ಬಾ' ಎಂದುಬಿಟ್ಟರೆ?

ಮೆಟ್ಟಿಲು ಹತ್ತುವ ಮೊದಲೇ ಕಿಟಕಿಯಿಂದ ಹರಿಣಾಕ್ಷಮ್ಮನ ದನಿ ಬಂತು. "ಮೀನಾ? ಹಿಂದ್ ಬದಿಗ್ ಬಾ, ಮೀನಿಗ್ ಚಟ್ಟಿ ತತ್ತೆ!"

ರಾಜೀವಿ ತಿರುಗಿಯೇಬಿಟ್ಟಳು. ನವ್ಯಶ್ರೀ ಕದಲಲಿಲ್ಲ. "ಮೀನಲ್ಲ ಅಕ್ಕ, ಮದಿ ಹೇಳ್ಕೆ!"

ಮುಂಬಾಗಿಲು ತೆರೆಯಿತು. ಹಸಿರು ಬಣ್ಣದ ಬಾಗಿಲು. ಹರಿಣಾಕ್ಷಮ್ಮನನ್ನು ಕಂಡದ್ದೇ ರಾಜೀವಿಗೆ ಹೇಳಿಕೆಗೆಂದು ಕಲಿತ ಮಾತೆಲ್ಲ ಮರೆತು, ಎರಡೂ ಕೈ ತಾವಾಗಿ ತಲೆಯ ಮೇಲಕ್ಕೆ ಹೋದವು, ಬುಟ್ಟಿ ಇಳಿಸಲು. ಹರಿಣಾಕ್ಷಮ್ಮನೂ ಯಾವತ್ತಿನ ರೂಢಿಯಂತೆ ಆನಿಸಿಕೊಳ್ಳಲು ಎರಡೂ ಕೈ ಚಾಚಿದರು. ನಡುವೆ ಹೊರೆಯೇನೂ ಇರಲಿಲ್ಲ.

"ಹೊರಿಯೇ ಇಲ್ಲೆ ಅಲ್ದನೇ!" ಹರಿಣಾಕ್ಷಮ್ಮ ಗೊಳ್ಳೆಂದು ನಕ್ಕರು. ರಾಜೀವಿಗೂ ನಗು ತಡೆಯಲಾಗಲಿಲ್ಲ. ನಗುತ್ತಲೇ ವೀಳ್ಯ ಕೊಟ್ಟಳು. "ಅಂಗಳದಂಗೇ ಮದಿ ಅಮ್ಮ. ಎಲ್ಲರೂ ಬರ್ಕ್."

"ಪ್ಲಾಸ್ಟಿಕ್ ಇಲ್ದೆ ಮದಿ ಗಡ? ಐಸ್‌ಕ್ರೀಮ್ ಎಂತದ್ರಂಗೆ ಕೊಡ್ತ್ರಿ?"

"ಐಸ್‌ಕ್ರೀಮೇ ಇಲ್ಲೆ ಅಕ್ಕ, ಅಕ್ಕಿ ಬೆಲ್ಲದ್ ಹಾಲ್‌ಬಾಯಿ," ಎಂದಳು ನವ್ಯಶ್ರೀ.

"ಹಾಲ್‌ಬಾಯಿ ಆರೆ ನಾ ಬಪ್ದೇ ಸೈ!"

ಅಷ್ಟರಲ್ಲಿ ಒಳಕೋಣೆಯಿಂದ ಹರಿಣಾಕ್ಷಮ್ಮನ ಅತ್ತೆಯ ದನಿ ಕೇಳಿಸಿತು. "ಯಾರ್ ಬಂದದ್ದ್?"

"ನಮ್ಮ್ ಮೀನಿನ..." ಹರಿಣಾಕ್ಷಮ್ಮ ಅಲ್ಲಿಗೇ ನಿಲ್ಲಿಸಿದರು. "ಮದಿ ಹೇಳ್ಕೆಗ್ ಬಂದಿರ್ ಅತ್ತೆ!"

"ಯಾರ್ ಮನಿ ಹೇಳ್ಕೆ? ಹೆಸ್ರ್ ಎಂತ?"

ಹರಿಣಾಕ್ಷಮ್ಮನ ಮುಖ ಸಪ್ಪಗಾಯಿತು. ಇವಳ ಮೊಣಕಾಲು ನೋವು ಗೊತ್ತು, ಗಂಡ ತೀರಿಹೋದ ವರ್ಷ ಗೊತ್ತು. ಕೇಳದೇ ಉಳಿದದ್ದು ಹೆಸರೊಂದೇ. ಈಗ ಕೇಳಲು ನಾಚಿಕೆಯಾಗಿ, ಕಣ್ಣಲ್ಲೇ ಕೇಳಿದರು.

"ರಾಜೀವಿ," ಎಂದಳು ಅವಳು. ಕೇರಿಗೆಲ್ಲ ಕೇಳುವಂತೆ ಮೀನು ಕೂಗುವವಳ ದನಿ ಅದೊಂದು ಮಾತಿಗೆ ಎಲ್ಲಿ ಅಡಗಿತೋ, ನವ್ಯಶ್ರೀಗೇ ಸರಿಯಾಗಿ ಕೇಳಿಸಲಿಲ್ಲ.

"ಎಂತ? ಕೇಂತಿಲ್ಲೆ!" ಒಳಗಿನಿಂದ ಮತ್ತೆ ಕೂಗು ಬಂತು.

ಹರಿಣಾಕ್ಷಮ್ಮ ವೀಳ್ಯ ಹಿಡಿದುಕೊಂಡೇ ಒಳಕ್ಕೆ ತಿರುಗಿ, ಗಂಟಲೆತ್ತಿ ಹೇಳಿದರು. "ರಾಜೀವಿ, ಅತ್ತೆ! ರಾಜೀವಿ!"